ತಣ್ಣಗಿನ ಕೈಯ ರಿಪೋರ್ಟು

ನನ್ನ ಕೋಣೆಗೆ ಎಸಿ ಇತ್ತು. ಆಸ್ಪತ್ರೆಯ ಆ ಇಡೀ ಮಾಳಿಗೆಯಲ್ಲಿ ಡಾಕ್ಟರುಗಳ ಕೋಣೆ ಬಿಟ್ಟರೆ ಎಸಿ ಇದ್ದದ್ದು ನನ್ನ ಕೋಣೆಗೆ ಮಾತ್ರ. ಅದೂ ನನಗಾಗಿ ಹಾಕಿದ್ದಲ್ಲ, ಮೆಷಿನಿಗಾಗಿ ಹಾಕಿದ್ದು. ಮಂಗಳೂರಿನ ಸೆಕೆ ಎಂತಹದ್ದೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ಬೇರೆ ವಾರ್ಡಿನ ನರ್ಸುಗಳು ಏನಾದರೊಂದು ನೆವ ಮಾಡಿಕೊಂಡು ಬಂದು ಐದು ನಿಮಿಷ ನಿಂತು ಹೋಗುತ್ತಿದ್ದರು. ರೋಗಿಗಳು ಒಳಗೆ ಕಾಲಿಟ್ಟವರೇ "ಅಬ್ಬ, ಸ್ವರ್ಗ" ಎನ್ನುತ್ತಿದ್ದರು. ಹದಿನಾರು ಡಿಗ್ರಿಯಲ್ಲಿಟ್ಟ ಎಸಿಯನ್ನು ಆ ಕಾಲದಲ್ಲಿ ನಾನು ಇಳಿಸಿದವಳೂ ಅಲ್ಲ, ಏರಿಸಿದವಳೂ ಅಲ್ಲ. ಆ ಕೋಣೆಯ ಬಗ್ಗೆ ನನಗೆ ಒಳ್ಳೆಯ ಜಂಬವೇ ಇತ್ತು. ಆ ಜಂಬದಿಂದ ಒಬ್ಬ ಮನುಷ್ಯನ ಕೆಲಸ ಹೋಯಿತು, ಮಾನ ಹೋಯಿತು, ಉಸಿರೂ ಹೋಗುವುದರಲ್ಲಿತ್ತು. ಅದನ್ನು ಬರೆಯಲೆಂದೇ ಕೂತಿದ್ದೇನೆ.

ನಾನು ನರ ಪರೀಕ್ಷೆಯ ಟೆಕ್ನಿಷಿಯನ್ ಆಗಿದ್ದವಳು. ಕೈಕಾಲಿನ ನರಕ್ಕೆ ಸಣ್ಣ ಕರೆಂಟು ಕೊಟ್ಟು, ಅದು ಸ್ನಾಯುವಿಗೆ ಸರಿಯಾಗಿ ಮುಟ್ಟುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ರೋಗಿಗಳ ಬಾಯಲ್ಲಿ ನನ್ನ ಹೆಸರು 'ಕರೆಂಟಕ್ಕ'. ನಿವೃತ್ತಿಯಾದ ಮೇಲೆ, ಅಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗಿಯರು "ಅಕ್ಕ, ನಿಮ್ಮ ಅನುಭವ ಸ್ವಲ್ಪ ಬರೆದುಕೊಡಿ" ಎಂದು ಕೇಳಿದರು. ಯಾವ ವರ್ಷ ಸೀನಿಯರ್ ಆದೆ, ವಿದಾಯದ ದಿನ ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ನಾನು ಮಾಡಿದ ತಪ್ಪಿನಿಂದ ಉಪಯೋಗವಾದೀತು.

ಮೊದಲು ನಮ್ಮ ರಾವ್ ಡಾಕ್ಟರ ಬಗ್ಗೆ ಹೇಳಬೇಕು. ನರರೋಗ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಸಿಟ್ಟು ಮೂಗಿನ ತುದಿಯಲ್ಲೇ. ರಿಪೋರ್ಟು ಸರಿಯಿಲ್ಲದಿದ್ದರೆ ಅದನ್ನು ಮೇಜಿನ ಮೇಲಿಂದ ನನ್ನ ಕಡೆಗೆ ತಳ್ಳುತ್ತಿದ್ದರು, ಕೈಗೆ ಕೊಡುತ್ತಿರಲಿಲ್ಲ. ನಾನು ಸೇರಿದ ಕಾಲಕ್ಕೆ ಕಾಗದದ ಸುರುಳಿಯ ಮೇಲೆ ಗೆರೆ ಮೂಡುತ್ತಿತ್ತು. ಸ್ಕೇಲಿಟ್ಟು ಅಳೆದು, ಲೆಕ್ಕ ಮಾಡಿ ಬರೆಯಬೇಕು. ಒಬ್ಬ ರೋಗಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಅವರ ಮನೆ, ಮಕ್ಕಳು, ಕೋಳಿ, ನಾಯಿ ಎಲ್ಲದರ ಸುದ್ದಿ ನನಗೆ ಬರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ಲೆಕ್ಕವನ್ನು ಅದೇ ಮಾಡಿತು. ಇಪ್ಪತ್ತು ನಿಮಿಷಕ್ಕೆ ಒಬ್ಬರಂತೆ ಸಾಲು ನಿಂತಿತು. ನಾನು ರೋಗಿಯ ಮುಖ ನೋಡುವುದನ್ನು ಬಿಟ್ಟು ಪರದೆ ನೋಡಲು ಕಲಿತೆ. ಬೇಗ ಮುಗಿಸುತ್ತೇನೆಂದು ನನಗೆ ಒಳ್ಳೆಯ ಹೆಸರೂ ಬಂತು.

ಸೇರಿದ ಹೊಸತರಲ್ಲಿ ಪಣಂಬೂರಿನ ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡುವ ಗಟ್ಟಿ ಆಳೊಬ್ಬನನ್ನು ತಂದಿದ್ದರು. ಎರಡು ವಾರದ ಹಿಂದೆ ಭೇದಿಯಾಗಿ ಗುಣವಾಗಿತ್ತು. ಈಗ ಕಾಲು ಏಳುವುದಿಲ್ಲ. ಮೂಟೆ ಹೊತ್ತ ಬೆನ್ನಿಗೆ ಏನಾದರೂ ಆಗಿರಬೇಕೆಂದು ಮನೆಯವರು ತಿಳಿದಿದ್ದರು. ನಾನು ಪರೀಕ್ಷೆ ಮಾಡಿದೆ, ನರಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ಹಾಗೆಂದು ಬರೆದುಕೊಟ್ಟೆ. ರಾವ್ ಡಾಕ್ಟರು ರಿಪೋರ್ಟನ್ನು ತಳ್ಳಲಿಲ್ಲ, ಆದರೆ ನಂಬಲೂ ಇಲ್ಲ.

"ಕಾಲು ಸೋತು ಇದು ಎರಡನೇ ದಿನ. ನರ ಇನ್ನೂ ಪೂರಾ ಹಾಳಾಗ್ಲಿಲ್ಲ. ಮುಂದಿನ ವಾರ ಮತ್ತೊಮ್ಮೆ ಮಾಡಿ" ಎಂದು, ಅವನಿಗೆ ಚಿಕಿತ್ಸೆಯನ್ನು ಅವತ್ತೇ ಸುರು ಮಾಡಿದರು.

ಮುಂದಿನ ವಾರ ಮಾಡಿದಾಗ ಅಲೆಗಳು ಅಡ್ಡಾದಿಡ್ಡಿಯಾಗಿದ್ದವು. ಭೇದಿ ತಂದ ಕ್ರಿಮಿಯನ್ನು ಕೊಲ್ಲಲು ಹೊರಟ ಶರೀರದ ಕಾವಲುಪಡೆ, ಅದೇ ಚಹರೆ ತನ್ನ ನರದ ಹೊದಿಕೆಯಲ್ಲೂ ಕಂಡು ಅದನ್ನೇ ಕಡಿಯತೊಡಗಿತ್ತು. ನನಗೆ ಆಶ್ಚರ್ಯ. ನರದ್ದು ಒಂದು ವಿಷಯ, ರೋಗನಿರೋಧಕ ಶಕ್ತಿಯದ್ದು ಬೇರೆಯೇ ಎಂದು ನಾನು ಓದಿದ್ದವಳು.

"ಡಿಪಾರ್ಟ್‌ಮೆಂಟ್ ಬೇರೆ ಬೇರೆ ಮಾಡಿದ್ದು ನಾವು. ಅದು ಶರೀರಕ್ಕೆ ಗೊತ್ತುಂಟಾ?" ಎಂದು ರಾವ್ ಡಾಕ್ಟರು ನಕ್ಕಿದ್ದರು. ಆ ಆಳು ನಿಧಾನಕ್ಕೆ ಎದ್ದು ನಡೆದ. ಬೇಗ ಮಾಡಿದ ಪರೀಕ್ಷೆ ಸುಳ್ಳು ಹೇಳಬಹುದು ಎಂಬ ಪಾಠವನ್ನು ನಾನು ಆ ಒಂದು ಕಾಯಿಲೆಗೆ ಮಾತ್ರ ಕಲಿತೆ. ಎಲ್ಲ ಪರೀಕ್ಷೆಗೂ ಅದಕ್ಕೆ ತಕ್ಕ ಹೊತ್ತು ಎಂಬುದು ಇರುತ್ತದೆ ಅಂತ ಆಗಲೇ ತಲೆಗೆ ಹೋಗಿದ್ದರೆ ಮುಂದಿನದ್ದು ಆಗುತ್ತಿರಲಿಲ್ಲ.

ಇನ್ನು ಸದಾನಂದನ ವಿಷಯ.

ದೇರೆಬೈಲಿನಿಂದ ಕೊಡಿಯಾಲ್‌ಬೈಲಿನ ನಮ್ಮ ಆಸ್ಪತ್ರೆಗೆ ನಾನು ದಿನಾ ಬೆಳಿಗ್ಗೆ ಹೋಗುವ ಸಿಟಿ ಬಸ್ಸಿನ ಕಂಡಕ್ಟರ್ ಸದಾನಂದ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು. ಅವನ ಗಂಟಲು ಕೇಳಬೇಕಿತ್ತು. "ಲಾಲ್‌ಬಾಗ್, ಲಾಲ್‌ಬಾಗ್, ಹಂಪನಕಟ್ಟೆ" ಎಂದು ಕೂಗಿದರೆ ರಸ್ತೆಯ ಆಚೆ ಬದಿಯ ಅಂಗಡಿಯವನೂ ತಲೆ ಎತ್ತಬೇಕು. ಬಾಗಿಲಲ್ಲಿ ಗುಂಪು ಕಟ್ಟಿದವರನ್ನು "ದುಂಬು ಪೋಲೆ, ದುಂಬು ಪೋಲೆ" ಎಂದು ತುಳುವಿನಲ್ಲಿ ಮುಂದೆ ಮುಂದೆ ದೂಡಿ, ಸೀಟಿ ಊದಿ, "ರೈಟ್ ಪೋಯಿ" ಎಂದರೆ ಡ್ರೈವರನ ಕಾಲು ತಾನಾಗಿ ಒತ್ತುತ್ತಿತ್ತು. ನಾನು ಹತ್ತಿದರೆ "ಕರೆಂಟಕ್ಕನಿಗೆ ಸೀಟು ಕೊಡಿ ಮಾರಾಯ್ರೆ, ಇಲ್ಲದಿದ್ರೆ ಶಾಕ್ ಕೊಡ್ತಾರೆ" ಎಂದು ನಗಿಸುತ್ತಿದ್ದ. ಮರಳುವಾಗ ನನಗೆ ಬೇರೆ ಬಸ್ಸು. ಹಾಗಾಗಿ ನನಗೆ ಗೊತ್ತಿದ್ದದ್ದು ಬೆಳಗಿನ ಸದಾನಂದ ಮಾತ್ರ.

ಸಾಯಂಕಾಲದ ಪ್ರಯಾಣಿಕರಿಗೆ ಬೇರೆಯೇ ಸದಾನಂದ ಗೊತ್ತಿದ್ದ. ಐದು ಗಂಟೆಯ ಮೇಲೆ ಅವನ ರೆಪ್ಪೆ ಅರ್ಧಕ್ಕೆ ಜೋಲುತ್ತಿತ್ತು. ನಾಲಿಗೆ ದಪ್ಪವಾಗಿ ಮಾತು ಮೂಗಿನಿಂದ ಬರುತ್ತಿತ್ತು. ಕುತ್ತಿಗೆ ನಿಲ್ಲುತ್ತಿರಲಿಲ್ಲ. ನೋಡಿದವರು ಇನ್ನೇನು ತಿಳಿಯುತ್ತಾರೆ? ಹಾಕಿಕೊಂಡು ಬರುತ್ತಾನೆ ಎಂದು ಬಸ್ಸಿನ ಮ್ಯಾನೇಜರಿಗೆ ದೂರು ಹೋಯಿತು. ಜೀವಮಾನದಲ್ಲಿ ತೊಟ್ಟು ಮುಟ್ಟದವನು ಅವನು. ತನಗೇನೋ ಕಾಯಿಲೆ ಇದೆ ಎಂದು ಮ್ಯಾನೇಜರಿಗೆ ಹೇಳಿ, ಮನೆ ಹತ್ತಿರದ ಡಾಕ್ಟರಲ್ಲಿಗೆ ಹೋದ. ಅವರು ನರದ ಪರೀಕ್ಷೆಗೆಂದು ಚೀಟಿ ಬರೆದು ನನ್ನ ಕೋಣೆಗೆ ಕಳಿಸಿದರು. ರಿಪೋರ್ಟಿನಲ್ಲಿ ಕಾಯಿಲೆ ಕಂಡರೆ ಕೆಲಸ ಉಳಿಯುತ್ತದೆ, ಕಾಣದಿದ್ದರೆ ಅವನು ಕುಡುಕ. ಅವನ ಪಾಲಿಗೆ ಅಷ್ಟು ಭಾರದ ಕಾಗದ ಅದು.

ಅವತ್ತು ವಾರದ ರಜೆ ಅವನಿಗೆ. ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಒಂಬತ್ತಕ್ಕೇ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದ. ನನಗೆ ಒಳಗೆ ಬೇರೆ ಕೇಸು ಇತ್ತು. "ಹೊರಗೆ ಸೆಕೆ, ಇಲ್ಲೇ ಒಳಗೆ ಕೂತುಕೊ" ಎಂದು ಎಸಿಯ ಕೆಳಗಿನ ಬೆಂಚಿನಲ್ಲಿ ಕೂರಿಸಿದೆ. ಗುರುತಿನವನೆಂದು ನಾನು ಮಾಡಿದ ಉಪಕಾರ ಅದು. ಮುಕ್ಕಾಲು ಗಂಟೆ ತಣ್ಣಗೆ ಕೂತ.

ಮಂಚದಲ್ಲಿ ಮಲಗಿಸಿ ಕೈ ಹಿಡಿದರೆ ಮಂಜುಗಡ್ಡೆ. ಮಣಿಕಟ್ಟಿಗೆ ಒಂದರ ಹಿಂದೆ ಒಂದರಂತೆ ಕರೆಂಟು ಕೊಟ್ಟೆ. ನರ ಪ್ರತಿ ಸಲ ಅಪ್ಪಣೆ ಕೊಟ್ಟಾಗಲೂ ಸ್ನಾಯು ಅಷ್ಟೇ ಎತ್ತರದ ಅಲೆ ತೋರಿಸಬೇಕು. ತೋರಿಸಿತು, ಎಲ್ಲವೂ ಒಂದೇ ಎತ್ತರ. ಭುಜದಲ್ಲೂ ಮುಖದಲ್ಲೂ ಮಾಡಿ ನೋಡಬಹುದಿತ್ತು. ಹೊರಗೆ ಹನ್ನೊಂದು ಜನ ಇದ್ದರು, ನಾನು ಮಾಡಲಿಲ್ಲ.

"ಅಕ್ಕ, ಈಗ ಎಂತ ಇಲ್ಲ. ಸಾಯಂಕಾಲ ಆಗುವಾಗ ಉಂಟಲ್ಲ..." ಎಂದು ಅವನು ಸುರು ಮಾಡಿದ.

"ಅದೆಲ್ಲ ಡಾಕ್ಟರತ್ರ ಹೇಳು. ಮಾತಾಡಿದ್ರೆ ಅಲೆ ಕೆಡ್ತದೆ, ಸುಮ್ಮನೆ ಮಲಗು" ಎಂದೆ.

ಅವನು ಕಣ್ಣು ಮುಚ್ಚಿ ಮಲಗಿದ.

ನಮ್ಮ ಫಾರ್ಮಿನಲ್ಲಿ ಕೈಯ ಉಷ್ಣತೆ ಬರೆಯಲು ಒಂದು ಕಾಲಂ ಇತ್ತು. ರಾವ್ ಡಾಕ್ಟರೇ ಹಟ ಹಿಡಿದು ಹಾಕಿಸಿದ್ದು. ಚರ್ಮದ ಮೇಲಿಟ್ಟು ಅಳೆಯುವ ಥರ್ಮಾಮೀಟರ್ ಕೆಟ್ಟು ಎರಡು ವರ್ಷವಾಗಿತ್ತು. ಬೇರೆ ಬೇಕೆಂದು ಬರೆದುಕೊಡಲು ನನಗೆ ಉದಾಸೀನ. ಎಲ್ಲರ ಫಾರ್ಮಿನಲ್ಲೂ, ಇರಬೇಕಾದ ಲೆಕ್ಕದಂತೆ, ಮೂವತ್ತಮೂರು ಡಿಗ್ರಿ ಎಂದು ಬರೆಯುತ್ತಿದ್ದೆ. ಸದಾನಂದನ ಫಾರ್ಮಿನಲ್ಲೂ ಮೂವತ್ತಮೂರು ಎಂದೇ ಬರೆದೆ, ಕೈ ಮಂಜುಗಡ್ಡೆಯಾಗಿದೆ ಎಂದು ಗೊತ್ತಿದ್ದೂ. ರಾವ್ ಡಾಕ್ಟರು ರಜೆಯಲ್ಲಿದ್ದರು. ಹೊಸ ಡಾಕ್ಟರು ನನ್ನ ಅನುಭವದ ಮೇಲೆ ಭಾರ ಹಾಕಿ ಸಹಿ ಮಾಡಿದರು. ರಿಪೋರ್ಟು ನಾರ್ಮಲ್.

ಇಷ್ಟಕ್ಕೇ ನಿಂತಿದ್ದರೆ ಅದನ್ನು ಕೆಲಸದ ತಪ್ಪು ಎನ್ನಬಹುದಿತ್ತು. ಆ ಭಾನುವಾರ ನಮ್ಮ ವಠಾರದವರ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತದ್ದು ಅದೇ ಬಸ್ಸಿನ ಮ್ಯಾನೇಜರ್. ಗುರುತಿನವರೇ.

"ಅಕ್ಕ, ನಮ್ಮ ಸದಾನಂದನ ಟೆಸ್ಟ್ ಮಾಡಿದ್ದು ನೀವೇ ಅಂತಲ್ಲ? ಎಂತದಾದ್ರೂ ಉಂಟಾ ಅವನಿಗೆ?"

ರೋಗಿಯ ವಿಷಯ ಹೊರಗೆ ಆಡಬಾರದು ಎಂಬುದು ಮೊದಲ ದಿನ ಕಲಿಸುವ ಪಾಠ. ನಾನು ಪಾಯಸಕ್ಕೆ ಹೋಳಿಗೆ ಕಲಸುತ್ತಾ, "ನರದಲ್ಲಿ ಎಂತದ್ದೂ ಇಲ್ಲ ಮಾರಾಯ್ರೆ, ಎಲ್ಲ ಕ್ಲಿಯರ್" ಎಂದೆ. ಕೇಳಿದ್ದಕ್ಕೆ ಉತ್ತರ ಗೊತ್ತಿದೆ ಎಂಬ ದೊಡ್ಡಸ್ತಿಕೆ. ಅವರು "ಹಾಗಾದ್ರೆ ನಾವು ಗ್ರಹಿಸಿದ್ದೇ ಸರಿ" ಎಂದು ಮಜ್ಜಿಗೆಗೆ ಕೈ ಮಾಡಿದರು.

ಮರುವಾರ ಬಸ್ಸಿನಲ್ಲಿ ಬೇರೆ ಕಂಡಕ್ಟರ್. ಸದಾನಂದ ಎಲ್ಲಿ ಎಂದು ಕೇಳಿದೆ. "ಅವನನ್ನು ಬಿಡಿಸಿದ್ರು. ಮಧ್ಯಾಹ್ನದ ನಂತರ ಫುಲ್ ಟೈಟ್ ಅಂತೆ" ಎಂದು ಹೇಳಿ ಅವನು ಟಿಕೆಟು ಹರಿದ. ನನಗೆ ಬೇಸರವಾಯಿತು, ನಿಜ ಹೇಳುತ್ತೇನೆ, ಸದಾನಂದನ ಮೇಲೆಯೇ ಬೇಸರವಾಯಿತು. ಇಷ್ಟು ಒಳ್ಳೆಯ ಹುಡುಗ ಹೀಗೆ ಹಾಳಾದನಲ್ಲ ಎಂದುಕೊಂಡೆ.

ಮಳೆ ಹಿಡಿದ ಮೇಲೆ ಒಂದು ದಿನ ರಾವ್ ಡಾಕ್ಟರು ಫೋನ್ ಮಾಡಿ, "ಮೆಷಿನ್ ತಕ್ಕೊಂಡು ಐಸಿಯುಗೆ ಬನ್ನಿ, ಬಿಸಿನೀರಿನ ಚೀಲವೂ ತನ್ನಿ" ಎಂದರು. ಬಿಸಿನೀರು ಯಾಕೆಂದು ನನಗೆ ಹೊಳೆಯಲಿಲ್ಲ. ಹೋಗಿ ನೋಡಿದರೆ ಮಂಚದಲ್ಲಿ ಸದಾನಂದ, ಗಂಟಲಲ್ಲಿ ನಳಿಗೆ, ಉಸಿರು ಮೆಷಿನಿನದ್ದು. ಶೀತಜ್ವರ ಬಂದು ಮೂರು ದಿನಕ್ಕೆ ನುಂಗಲಿಕ್ಕಾಗದೆ, ನಾಲ್ಕನೇ ದಿನ ಎದೆ ಏರಿಳಿಯುವುದೇ ನಿಂತು, ನೀಲಿಯಾಗಿ ಬಂದಿದ್ದ. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಇರುತ್ತಿರಲಿಲ್ಲ ಎಂದರು.

ರಾವ್ ಡಾಕ್ಟರು ಅವನ ಕೈಯನ್ನು ಬಿಸಿನೀರಿನ ಚೀಲದಲ್ಲಿ ಸುತ್ತಿಸಿ ಕಾಯಿಸಿದರು. ಆಮೇಲೆ ಕರೆಂಟು ಕೊಡಲು ಹೇಳಿದರು. ಮೊದಲ ಅಲೆ ಎತ್ತರಕ್ಕೆ ಎದ್ದಿತು. ಎರಡನೆಯದು ಅದಕ್ಕಿಂತ ಗಿಡ್ಡ, ಮೂರನೆಯದು ಇನ್ನೂ ಗಿಡ್ಡ. ಭುಜದಲ್ಲಿ ಮಾಡಿದರೆ ಅರ್ಧಕ್ಕೆ ಇಳಿದೇಬಿಟ್ಟಿತು. ಮಯಸ್ತೇನಿಯಾ. ನರ ಕೊಟ್ಟ ಅಪ್ಪಣೆಯನ್ನು ಸ್ನಾಯು ತೆಗೆದುಕೊಳ್ಳುವ ಬಾಗಿಲುಗಳಿಗೆ, ಶರೀರದ ಕಾವಲುಪಡೆಯೇ ಬೀಗ ಜಡಿಯುವ ಕಾಯಿಲೆ. ದುಡಿದಷ್ಟೂ ಸ್ನಾಯು ಸೋಲುತ್ತದೆ, ಹಾಗಾಗಿ ಬೆಳಿಗ್ಗೆ ಸರಿ, ಸಾಯಂಕಾಲ ಇಲ್ಲ. ತಣ್ಣಗಾದರೆ ಸ್ವಲ್ಪ ಹೊತ್ತು ಎಲ್ಲ ಸರಿಯಿದ್ದಂತೆ ಕಾಣುತ್ತದೆ. ನಾನು ಉಪಕಾರವೆಂದು ಕೂರಿಸಿದ ಬೆಂಚು ಅವನ ಕಾಯಿಲೆಯನ್ನು ಮುಚ್ಚಿಟ್ಟಿತ್ತು.

ರಾವ್ ಡಾಕ್ಟರು ಹಳೆಯ ರಿಪೋರ್ಟು ತರಿಸಿದರು. ಮೂವತ್ತಮೂರರ ಮೇಲೆ ಬೆರಳಿಟ್ಟು, "ಇದನ್ನು ಯಾವುದರಲ್ಲಿ ಅಳೆದದ್ದು?" ಎಂದರು. ರಿಪೋರ್ಟನ್ನು ಅವರು ತಳ್ಳಲಿಲ್ಲ, ನನ್ನ ಕೈಗೇ ಕೊಟ್ಟರು. ಇಷ್ಟು ವರ್ಷದಲ್ಲಿ ಅವರು ಕೈಗೆ ಕೊಟ್ಟ ಒಂದೇ ರಿಪೋರ್ಟು ಅದು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊರಗೆ ಅವನ ಹೆಂಡತಿ ಪುಷ್ಪಾ ಕೂತಿದ್ದಳು. ನನ್ನನ್ನು ನೋಡಿ ಎದ್ದಳು.

"ಇವರು ಕುಡೀಲೇ ಇಲ್ಲ ಅಲ್ವಾ ಅಕ್ಕ? ನಾನು ದಿನಾ ಬಾಗಿಲಲ್ಲೇ ಬಾಯಿ ಮೂಸಿ ನೋಡ್ತಿದ್ದೆ. ವಾಸನೆ ಇಲ್ಲ. ಆದ್ರೂ ನಂಬಿಕೆ ಬರ್ಲಿಲ್ಲ. ದೊಡ್ಡಾಸ್ಪತ್ರೆಯ ಕಾಗದದಲ್ಲಿ ಎಂತದ್ದೂ ಇಲ್ಲ ಅಂತ ಇತ್ತಲ್ಲ" ಎಂದು ಅತ್ತಳು. ಆ ಕಾಗದ ಬರೆದದ್ದು ನಾನೇ ಎಂದು ಅವಳಿಗೆ ನಾನು ಹೇಳಲಿಲ್ಲ.

ಕೆಲಸ ಹೋದ ಚಿಂತೆಗೇ ಹೀಗಾಯಿತೇ ಎಂದು ನಾನು ರಾವ್ ಡಾಕ್ಟರಲ್ಲಿ ಕೇಳಿದೆ. ಅವರು ಹೇಳಿದ್ದನ್ನು ಹುಡುಗಿಯರು ಗಮನವಿಟ್ಟು ಓದಬೇಕು.

"ಚಿಂತೆಯಿಂದ ಕಾಯಿಲೆ ಬಂತು ಅಂತ ಯಾರಿಗೂ ಹೇಳ್ಬೇಡಿ, ಅದು ರೋಗಿಯ ಮೇಲೆ ತಪ್ಪು ಹೊರಿಸಿದ ಹಾಗೆ. ಕಾಯಿಲೆ ಮೊದಲೇ ಇತ್ತು. ಆದ್ರೆ ಇದು ಎರಡೂ ಕಡೆಯ ದಾರಿ. ಜ್ವರ ಬಂದಾಗ ಯಾರ ಮುಖವೂ ಬೇಡ, ಮೂಲೆಯಲ್ಲಿ ಮಲಗುವಾ ಅಂತ ನಿಮಗೆ ಕಾಣುವುದು ಎಂತಕ್ಕೆ? ಕಾವಲುಪಡೆಯವರು ಮೆದುಳಿಗೆ ಸುದ್ದಿ ಕಳಿಸಿದ್ದಕ್ಕೆ. ಹಾಗೆಯೇ ಮೆದುಳು ಹೆದರಿದ್ರೆ, ಬೆಂದ್ರೆ, ಆ ಸುದ್ದಿ ಅವರಿಗೂ ಮುಟ್ತದೆ. ಇವನಿಗೆ ನಿದ್ದೆ ಇಲ್ಲ, ಅವಮಾನ, ಮೇಲಿಂದ ಜ್ವರ. ಮೊದಲೇ ದಾರಿ ತಪ್ಪಿದ ಪಡೆ, ಕೇಳ್ಬೇಕಾ?"

ಸದಾನಂದ ಉಳಿದ. ಕಾವಲುಪಡೆಗೆ ತಪ್ಪು ಪಾಠ ಕಲಿಸುತ್ತಿದ್ದ, ಎದೆಯೊಳಗಿನ ಒಂದು ಗ್ರಂಥಿಯನ್ನು ತೆಗೆದರು. ಕಾವಲುಪಡೆಯನ್ನು ಅಡಗಿಸುವ ಮದ್ದು ತಿಂಗಳುಗಟ್ಟಲೆ ನಡೆಯಿತು. ಆ ಮದ್ದು ತಲೆಗೂ ತಟ್ಟಿ, ಕೆಲವು ವಾರ ನಿದ್ದೆಯಿಲ್ಲದೆ, ಸುಮ್ಮಸುಮ್ಮನೆ ನಗುವುದು, ಪುಷ್ಪಾಳ ಮೇಲೆ ರೇಗುವುದು ಎಲ್ಲ ಆಯಿತು. ಮತ್ತೆ ಬಸ್ಸು ಹತ್ತುವ ಶಕ್ತಿ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಸಮಯ ನೋಡಿ ಬಿಡುವ ಟೈಮ್ ಕೀಪರ್ ಕೆಲಸ, ಬೆಳಗಿನ ಪಾಳಿಯದ್ದು, ಸಿಕ್ಕಿತು. ವರ್ಷಕ್ಕೆರಡು ಸಲ ಪರೀಕ್ಷೆಗೆ ಬರುತ್ತಿದ್ದ. ಬಂದವನೇ ಅಂಗಿಯ ತೋಳು ಮಡಚಿ ಬಿಸಿನೀರಿನ ಟಬ್ಬಿನಲ್ಲಿ ಕೈ ಇಡುತ್ತಿದ್ದ.

ಹೌದು, ಟಬ್ಬು ಅಷ್ಟರಲ್ಲಿ ಬಂದಿತ್ತು. ಹೊಸ ಥರ್ಮಾಮೀಟರ್ ಬಂತು, ಸಾಯಂಕಾಲ ನಾಲ್ಕರ ನಂತರ ಇಂತಹ ಕೇಸುಗಳಿಗೆಂದೇ ಸಮಯ ಇಟ್ಟೆ. ಭುಜ, ಮುಖ ಬಿಡದೆ ನೋಡಿದೆ. ಎಸಿಯನ್ನು ಇಪ್ಪತ್ತಾರರಿಂದ ಕೆಳಗೆ ಇಳಿಸಿದರೆ ಯಾರನ್ನೂ ಬಿಡುತ್ತಿರಲಿಲ್ಲ. ನೀವೆಲ್ಲ ಅದನ್ನು 'ಅಕ್ಕನ ಟಬ್' ಎಂದು ಕರೆದಿರಿ. ಬೇರೆ ಆಸ್ಪತ್ರೆಯಿಂದ ಬಂದವರಿಗೆ ನನ್ನ ಶಿಸ್ತು ಎಂದು ತೋರಿಸಿದಿರಿ. ನಾನು ಹೊಗಳಿಸಿಕೊಂಡು ಸುಮ್ಮನಿದ್ದೆ. ಆ ಟಬ್ಬು ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ?

ಅಷ್ಟು ವರ್ಷ ಅವನ ಕೈ ಹಿಡಿದು ಕಾಯಿಸಿದೆ. ಮದುವೆ ಊಟದಲ್ಲಿ ಆಡಿದ ಮಾತನ್ನು ಒಂದು ದಿನವೂ ಹೇಳಲಿಲ್ಲ. ಪ್ರತಿ ಸಲವೂ ಈ ಸಲ ಹೇಳಬೇಕೆಂದುಕೊಳ್ಳುವುದು, ಅವನು ನಗಿಸುವುದು, ನಾನು ನುಂಗಿಕೊಳ್ಳುವುದು. ನಿವೃತ್ತಿಯ ದಿನ ಅವನೂ ಬಂದು ಒಂದು ಮಲ್ಲಿಗೆಯ ಚೆಂಡು ಕೊಟ್ಟು ಹೋದ. ಅವತ್ತು ಮನೆಯಲ್ಲಿ ಆ ಹೂವನ್ನು ಮುಡಿಯಲು ನನ್ನಿಂದ ಆಗಲಿಲ್ಲ.

ಇದನ್ನು ಬರೆಯಲು ಕೂತ ಮೇಲೆ, ಅವನಿಗೆ ಹೇಳದೆ ನಿಮಗೆ ಹೇಳುವುದು ಸರಿಯಲ್ಲ ಎಂದು ಕಂಡಿತು. ಕಳೆದ ವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದೆ. ತಗಡಿನ ಮಾಡಿನ ಕೆಳಗೆ, ಕೈಯಲ್ಲಿ ಪಟ್ಟಿ ಹಿಡಿದು ಕೂತಿದ್ದ. ತಲೆ ನರೆತಿದೆ. ಸ್ಟೂಲು ಎಳೆದು ನನ್ನನ್ನು ಕೂರಿಸಿದ. ನಾವು ಮಾತಾಡಿದ್ದು ತುಳುವಿನಲ್ಲೇ. ಎಲ್ಲವನ್ನೂ ಹೇಳಿದೆ, ಎಸಿ, ಮೂವತ್ತಮೂರು, ಮದುವೆ ಊಟ, ಯಾವುದನ್ನೂ ಬಿಡಲಿಲ್ಲ.

"ಗೊತ್ತುಂಟು ಅಕ್ಕ" ಎಂದ. "ಬಿಡಿಸುವ ದಿನವೇ ಮ್ಯಾನೇಜರ್ ಹೇಳಿದ್ರು, ಕರೆಂಟಕ್ಕನೇ ಹೇಳಿದ್ದು ಅಂತ."

"ಗೊತ್ತಿದ್ದೂ ಇಷ್ಟು ವರ್ಷ ನನ್ನ ಹತ್ರವೇ ಕೈ ಕೊಟ್ಟಿಯಲ್ಲ ಮಾರಾಯ?"

"ಮತ್ತೆ ಯಾರ ಹತ್ರ ಕೊಡುದು? ನೀವು ಬೇಕೂಂತ ಮಾಡಿದ್ದಾ?" ಎಂದು ಒಂದು ಬಸ್ಸಿಗೆ ಕೈ ತೋರಿಸಿ ಬಿಟ್ಟ. ಆಮೇಲೆ ಪಟ್ಟಿಯನ್ನೇ ನೋಡುತ್ತಾ ಹೇಳಿದ. "ಕೆಲಸ ಹೋದದ್ದಕ್ಕೆ ಅಷ್ಟು ಬೇಜಾರಿಲ್ಲ ಅಕ್ಕ. ನೀವು ಕಾಯಿಲೆ ಇಲ್ಲ ಅಂದ ಮೇಲೆ ನಾನೂ ಇಲ್ಲ ಅಂತಲೇ ನಂಬಿದೆ. ಮನಸ್ಸಿನ ವೀಕ್‌ನೆಸ್ ಇರ್ಬೇಕು, ಸೋಮಾರಿ ಆಗಿದ್ದೇನೆ ಅಂತ ನನ್ನನ್ನೇ ಬೈದುಕೊಂಡೆ. ನುಂಗ್ಲಿಕ್ಕೆ ಆಗದಿದ್ದಾಗಲೂ ಪುಷ್ಪನಿಗೆ ಹೇಳ್ಲಿಲ್ಲ. ಇಲ್ಲದ ಕಾಯಿಲೆ ಹೇಳಿ ಮತ್ತೆ ನಗೆಪಾಟಲು ಆಗುದು ಎಂತಕ್ಕೆ ಅಂತ. ಅದಕ್ಕೇ ಆಸ್ಪತ್ರೆಗೆ ಬರುವಾಗ ಅಷ್ಟು ತಡ ಆದದ್ದು."

ಮ್ಯಾನೇಜರಿಗೆ ಆಡಿದ ಮಾತಿನಿಂದ ಅವನ ಕೆಲಸ ಹೋಯಿತೆಂದು ನಾನು ಇಷ್ಟು ವರ್ಷ ಕೊರಗಿದ್ದೆ. ಅವನನ್ನು ಸಾವಿನ ತನಕ ಕೊಂಡುಹೋದದ್ದು ನನ್ನ ರಿಪೋರ್ಟೇ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಕ್ಷಮಿಸು ಎಂದೆ. ಅದು ಎಷ್ಟು ಸಣ್ಣ ಮಾತೆಂದು ಆಡಿದ ಮೇಲೆ ಕಂಡಿತು.

ಅವನು ಇನ್ನೊಂದು ಬಸ್ಸನ್ನು ಬಿಟ್ಟ. ಆಮೇಲೆ ನಾನೇ ಕೇಳಿದೆ. "ಸದಾನಂದ, ಅವತ್ತು ನೀನು ಎಂತದೋ ಹೇಳ್ಲಿಕ್ಕೆ ಹೊರಟಿದ್ದೆ. ಸಾಯಂಕಾಲ ಆಗುವಾಗ, ಅಂತ. ನಾನು ಬಾಯಿ ಮುಚ್ಚಿಸಿದೆ. ಎಂತ ಅದು?"

ಅವನು ನಕ್ಕ. ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿದ ಮೇಲೆ ಪಟ್ಟಿಯನ್ನು ತೊಡೆಯ ಮೇಲಿಟ್ಟು ಹೇಳಿದ.

"ಸಾಯಂಕಾಲ ಆಗುವಾಗ ಉಂಟಲ್ಲ ಅಕ್ಕ, ಕಣ್ಣು ತನ್ನಷ್ಟಕ್ಕೆ ಮುಚ್ಚಿ ಬರ್ತದೆ. ಎದುರಿನ ಬಸ್ಸು ಎರಡೆರಡು ಕಾಣ್ತದೆ. ಚಾ ಕುಡಿದ್ರೆ ಮೂಗಲ್ಲಿ ಬರ್ತದೆ. ಮೊದಲ ಟ್ರಿಪ್ಪಲ್ಲಿ ಹತ್ತು ಸಲ ಲಾಲ್‌ಬಾಗ್ ಅಂತ ಕೂಗುವವ, ಕೊನೆಯ ಟ್ರಿಪ್ಪಲ್ಲಿ ಒಂದು ಸಲ ಕೂಗಿದ್ರೆ ಎರಡನೆಯದು ಬರುದಿಲ್ಲ. ಹತ್ತು ನಿಮಿಷ ಸುಮ್ಮನೆ ಕೂತ್ರೆ ಪುನಃ ಬರ್ತದೆ. ಇದು ಎಂತದು ಅಕ್ಕ? ಇಷ್ಟೇ ಕೇಳ್ಬೇಕು ಅಂತ ಇದ್ದೆ."

ನಮ್ಮ ಪಠ್ಯಪುಸ್ತಕದಲ್ಲಿ ಆ ಕಾಯಿಲೆಯ ಬಗ್ಗೆ ಇರುವುದೆಲ್ಲ ಆ ಮಾತಿನಲ್ಲಿತ್ತು. ಮೆಷಿನು ಬೇಕಾಗಿರಲಿಲ್ಲ. ಮಾಡಿನ ಕೆಳಗೆ ದೊಡ್ಡ ಗಡಿಯಾರವಿದೆ, ನಾನು ಅದನ್ನೇ ನೋಡುತ್ತಿದ್ದೆ. ಎಲ್ಲ ಹೇಳಿ ಮುಗಿಸಲು ಅವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.